ತುಟಿ ಮಡಚಿ ಊದಿದ ಕ್ಲಾರಿನೆಟ್

ಉಗಾರ ಖುರ್ದದಲ್ಲಿ ಆಗೆಲ್ಲ ಮದುವೆ ಗೊತ್ತಾಯಿತೆಂದರೆ ಓಣಿಯವರು ಮೊದಲು ಕೇಳುತ್ತಿದ್ದುದು ಬ್ಯಾಂಡ್ ಯಾರದು ಎಂದು. ಹುಡುಗಿ ಯಾವ ಊರಿನವಳು, ಊಟಕ್ಕೆ ಏನು ಎಂಬುದೆಲ್ಲ ಆಮೇಲೆ. ರಾಯಬಾಗದ ಬಾಳಾಸಾಬನ ಬ್ಯಾಂಡ್ ಎಂದು ಉತ್ತರ ಬಂದರೆ ಕೇಳಿದವರ ಮುಖ ಅರಳುತ್ತಿತ್ತು. ಕೆಂಪು ಕೋಟು, ಭುಜಕ್ಕೆ ಬಂಗಾರದ ಬಣ್ಣದ ಗೊಂಡೆ, ತಲೆಗೆ ತುರಾಯಿಯ ಪೇಟ. ಮೆರವಣಿಗೆಯ ಎರಡೂ ಬದಿಗೆ ತಲೆಯ ಮೇಲೆ ಟ್ಯೂಬ್‌ಲೈಟು ಹೊತ್ತ ಹೆಂಗಸರು, ಹಿಂದೆ ಕೈಗಾಡಿಯಲ್ಲಿ ಡುಗುಡುಗು ಎನ್ನುವ ಜನರೇಟರ್. ಎಲ್ಲರಿಗಿಂತ ಮುಂದೆ, ಕುದುರೆ ಏರಿದ ಮದುಮಗನಿಗಿಂತಲೂ ಗತ್ತಿನಿಂದ ಹೆಜ್ಜೆ ಹಾಕುತ್ತ, ಬಿಳಿ ಕೋಟಿನ ನಾಮದೇವ ಮಾಸ್ತರ. ಅವರ ಕೈಯಲ್ಲಿ ಕ್ಲಾರಿನೆಟ್.

ಸಮಾಧಾನನಿಗೆ ತಾನು ಏನಾಗಬೇಕು ಎಂಬುದು ತಿಳಿದದ್ದು ಆ ಮೆರವಣಿಗೆಗಳಲ್ಲೇ. ಅವನ ಅಪ್ಪ ಸತ್ತೆಪ್ಪ ಸಕ್ಕರೆ ಕಾರ್ಖಾನೆಯ ಕಬ್ಬಿನ ಯಾರ್ಡಿನಲ್ಲಿ ಹಂಗಾಮಿ ಕೆಲಸಗಾರ. ಅವ್ವ ತುಳಸವ್ವ ಕಂಡವರ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋಗುವವಳು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಪಟ. ಎರಡಕ್ಕೂ ತುಳಸವ್ವ ದಿನಾ ಬೆಳಿಗ್ಗೆ ಸೆರಗಿನಿಂದ ಧೂಳು ಒರೆಸುವಳು. ಮಗ ಕಾರ್ಖಾನೆಯಲ್ಲಿ ಕಾಯಂ ನೌಕರಿ ಹಿಡಿಯಲಿ ಎಂಬುದು ಸತ್ತೆಪ್ಪನ ಆಸೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಮೀಸೆ ಮೂಡುವ ವಯಸ್ಸಿನ ಮಗ ಬಂದು ಬ್ಯಾಂಡ್ ಸೇರುತ್ತೇನೆ ಎಂದಾಗ ಅವನು ಉಣ್ಣುವುದನ್ನೇ ನಿಲ್ಲಿಸಿದ.

“ಲಗ್ನದ ಸೀಜನ್ ಅಂದ್ರ ನಾಕೈದ ತಿಂಗಳ. ಉಳದ ದಿನ ಏನ್ ಮಾಡಾಂವ ಲೇ?”

“ಕಾರ್ಖಾನಿನೂ ನಾಕೈದ ತಿಂಗಳನ ನಡೀತೈತಲ್ಲಪಾ” ಎಂದ ಸಮಾಧಾನ.

ತುಳಸವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸತ್ತೆಪ್ಪ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡ. ಹುಡುಗ ರೈಲು ಹತ್ತಿ ರಾಯಬಾಗಕ್ಕೆ ಹೋದ.

ಬಾಳಾಸಾಬ ಅವನ ಕೈಗೆ ಕೊಟ್ಟದ್ದು ಝಾಂಜು, ಎರಡು ಹಿತ್ತಾಳೆಯ ದೊಡ್ಡ ತಾಳಗಳು. ಅವನ್ನು ಬಡಿಯುತ್ತ ಸಾಲಿನ ಕೊನೆಯಲ್ಲಿ ನಡೆಯುವ ಸಮಾಧಾನನ ಕಣ್ಣು ಮಾತ್ರ ಮುಂದೆ ಹೋಗುತ್ತಿದ್ದ ಬಿಳಿ ಕೋಟಿನ ಮೇಲೆಯೇ ಇರುತ್ತಿತ್ತು. ಹೀಗೇ ಸೀಜನ್ನುಗಳು ಕಳೆದ ಮೇಲೆ ಒಂದು ದಿನ ಧೈರ್ಯ ಮಾಡಿ ಶೇಡಬಾಳಕ್ಕೆ, ನಾಮದೇವ ಮಾಸ್ತರರ ಮನೆಗೇ ಹೋದ. ಸ್ಟೇಶನ್ನಿನ ಹಿಂದೆ ತಗಡಿನ ಮನೆ, ಅಂಗಳದಲ್ಲಿ ಒಂದು ಎಮ್ಮೆ. ಮಾಸ್ತರರ ಹೆಂಡತಿ ಕಾಳವ್ವ ಹಾಲು ಹಿಂಡುತ್ತಿದ್ದಳು.

ಮಾಸ್ತರರು ಅವನನ್ನು ಮೇಲಿಂದ ಕೆಳಗೆ ನೋಡಿ ತಮ್ಮ ಹಳೆಯ ಕ್ಲಾರಿನೆಟ್ಟೊಂದನ್ನು ಕೊಟ್ಟರು. “ಒಂದ ಸುರ. ಈಕಿ ಎಮ್ಮಿ ಹಿಂಡಿ ಮುಗಸೂತನಕ ಒಂದ ಸುರ. ಹರೀಬಾರ್ದು.”

ಸಮಾಧಾನ ಊದಿದ. ಉಸಿರು ಹೊಟ್ಟೆಯಿಂದ ಬರಬೇಕೆಂದು ಗೊತ್ತಿರಲಿಲ್ಲ. ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ಬಂತು. ಸುರ ನಡುವೆಯೇ ತುಂಡಾಯಿತು. ಎಮ್ಮೆ ಕಾಲು ಝಾಡಿಸಿತು.

“ನೋಡ ತಮ್ಮಾ” ಎಂದಳು ಕಾಳವ್ವ, ಚರಿಗೆ ಹಿಡಿದುಕೊಳ್ಳುತ್ತ, “ನೀ ಸುರ ಬಿಟ್ಟ ಕೂಡ್ಲೆ ಇದು ಹಾಲ ಬಿಡವಲ್ದು. ನನ್ನ ಸಲುವಾಗರ ಛಂದಂಗ ಊದು.”

ತಿಂಗಳುಗಟ್ಟಲೆ ಆ ಒಂದೇ ಸುರ. ಆಮೇಲೆ ಎರಡು, ಮೂರು. ಹಾಡು ಎಂಬುದನ್ನು ಮಾಸ್ತರರು ಕಲಿಸಿದ್ದು ಮರುವರ್ಷದ ದೀಪಾವಳಿ ಕಳೆದ ಮೇಲೆಯೇ. ಅಷ್ಟರಲ್ಲಿ ಎಮ್ಮೆಗೂ ಅವನಿಗೂ ಒಳ್ಳೆಯ ಗುರುತಾಗಿತ್ತು. ಮೀರಜಿನ ವಾದ್ಯದಂಗಡಿಗಳ ಓಣಿಯಿಂದ ಸಮಾಧಾನ ತನ್ನದೇ ಒಂದು ಹಳೆಯ ಕ್ಲಾರಿನೆಟ್ ತಂದ. ಕಪ್ಪು ಮೈ, ಸವೆದು ಬಿಳಿಚಿದ ಕೀಲಿಗಳು. ಆ ವರ್ಷದಿಂದ ಬಾಳಾಸಾಬನ ಬ್ಯಾಂಡಿನಲ್ಲಿ ಮಾಸ್ತರರ ಎಡಗಡೆ ನಿಲ್ಲುವ ಎರಡನೆಯ ಕ್ಲಾರಿನೆಟ್ ಅವನದಾಯಿತು.

ಕಬ್ಬೂರಿನ ಉಜ್ವಲಾಳನ್ನು ಅವನು ಮದುವೆಯಾದದ್ದು ಎರಡು ಸಾವಿರದ ಐದರಲ್ಲಿ. ಆ ವರಾತದ, ಎಂದರೆ ಮದುವೆ ಮೆರವಣಿಗೆಯ, ಕಥೆಯನ್ನು ಕಬ್ಬೂರಿನ ಹೆಂಗಸರು ಬಹಳ ಕಾಲ ಹೇಳಿಕೊಂಡು ನಕ್ಕರು. ಬ್ಯಾಂಡಿನವರೆಲ್ಲ ಗೆಳೆಯನ ಮದುವೆಯೆಂದು ತಾವಾಗಿ ಬಂದಿದ್ದರು. ಅರ್ಧ ದಾರಿಯಲ್ಲಿ ಟ್ರಂಪೆಟ್ಟಿನವನು ಹಾಡಿನ ನಡುವಿನ ಸಾಲು ತಪ್ಪಿಸಿದ. ಮದುಮಗ ಒಂದು ಸಲ ತಾಳಿಕೊಂಡ. ಎರಡನೆಯ ಸಲವೂ ತಪ್ಪಿದಾಗ ಕುದುರೆಯಿಂದ ಇಳಿದು, ಬಾಸಿಂಗ ಹಿಂದಕ್ಕೆ ಸರಿಸಿ, ಒಬ್ಬನ ಕೈಯಿಂದ ಕ್ಲಾರಿನೆಟ್ ಇಸಿದುಕೊಂಡು ತಾನೇ ಊದತೊಡಗಿದ. ಉಜ್ವಲಾಳ ಚಿಕ್ಕಮ್ಮಂದಿರು ಅಯ್ಯಯ್ಯೋ ಎಂದರು. ಜೀಪಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಉಜ್ವಲಾ ಮಾತ್ರ ಮೊದಲ ಸಲ ತಲೆ ಎತ್ತಿ ಗಂಡನನ್ನು ಸರಿಯಾಗಿ ನೋಡಿದಳು.

ಮರುವರ್ಷ ನಾಮದೇವ ಮಾಸ್ತರರು ಬಾಳಾಸಾಬನ ಅಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟರು. “ನನಗ ಏರ ಹತ್ತಿದ್ರ ದಮ್ಮ ಸಾಲವಲ್ದು. ಈ ಸೀಜನ್ ಮುಗೀಲಿ. ಮುಂದ ಸಮಾಧಾನ ಮುಂದ ನಡೀಲಿ.”

ಬಾಳಾಸಾಬ ದೊಡ್ಡ ದೇಹದ, ದೊಡ್ಡ ದನಿಯ ಮನುಷ್ಯ. “ಆತು. ಬಿಳಿ ಕೋಟ ಹೊಲಸೂದ ನನ್ನ ಕಡೆ” ಎಂದ. ಶಿಂಪಿಗ ಬಂದು ಅಲ್ಲೇ ಅಳತೆ ತೆಗೆದುಕೊಂಡ. ಕೈ ಅಗಲಿಸಿ ನಿಂತಿದ್ದ ಸಮಾಧಾನನಿಗೆ ನಗು ತಡೆಯಲಾಗಲಿಲ್ಲ.

ಆ ಕೋಟು ಅವನ ಮೈಮೇಲೆ ಬರಲಿಲ್ಲ.

ಸೀಜನ್ನಿನ ಕೊನೆಯ ವಾರಗಳು. ನಿಪ್ಪಾಣಿಯಲ್ಲಿ ಒಂದು ಮದುವೆ ಮುಗಿಸಿ, ಮರುದಿನ ಬೆಳಿಗ್ಗೆ ರಾಯಬಾಗದ ಕಡೆ ಇನ್ನೊಂದಕ್ಕೆ ಟೆಂಪೋ ಹೊರಟಿತ್ತು. ಚಿಕ್ಕೋಡಿ ದಾಟಿ ಕಬ್ಬೂರು ಸಮೀಪಿಸಿದಾಗ ಬೆಳಕು ಹರಿಯುತ್ತಿತ್ತು. ಹೊಲಗಳ ಮೇಲೆ ಮಂಜು ಕುಳಿತಿತ್ತು. ಅಚ್ಚು ಮುರಿದ ಕಬ್ಬಿನ ಟ್ರೇಲರೊಂದು ರಸ್ತೆಯ ಬದಿಗೆ ಒರಗಿ ನಿಂತದ್ದು ಡ್ರೈವರನಿಗೆ ಕಂಡದ್ದು ತೀರ ಹತ್ತಿರ ಹೋದ ಮೇಲೆ. ಬ್ರೇಕು ಹಾಕಿ ಸ್ಟೇರಿಂಗ್ ಎಳೆದ. ಟೆಂಪೋ ಮಗುಚಲಿಲ್ಲ, ತಗ್ಗಿಗೆ ಇಳಿದು ನಿಂತಿತು. ಹಿಂದೆ ಕುಳಿತವರಿಗೆ ತರಚಿದ ಗಾಯ, ಅಷ್ಟೆ. ದೊಡ್ಡ ಢೋಲಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ ಸಮಾಧಾನನ ಬಾಯಿ ಮಾತ್ರ ಅದರ ಕಬ್ಬಿಣದ ಬಳೆಗೆ ಅಪ್ಪಳಿಸಿತು.

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಕೈಸನ್ನೆ ಮಾಡಿ ಕೇಳಿದ್ದು ಕ್ಲಾರಿನೆಟ್ಟನ್ನು. ಯಾರೋ ಪೆಟ್ಟಿಗೆ ತೆರೆದು ತೋರಿಸಿದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಸಮಾಧಾನನಿಗೆ ನೆಮ್ಮದಿಯಾಯಿತು. ಆಮೇಲೆ ನಾಲಿಗೆ ಮುಂದೆ ಚಾಚಿ ನೋಡಿಕೊಂಡ. ಮೇಲಿನ ಮುಂದಿನ ಹಲ್ಲುಗಳ ಜಾಗದಲ್ಲಿ ಏನೂ ಸಿಗಲಿಲ್ಲ; ಮೇಲ್ದುಟಿಯಲ್ಲಿ ಹೊಲಿಗೆ. ಪಕ್ಕದಲ್ಲಿ ಕುಳಿತಿದ್ದ ಉಜ್ವಲಾ ಅವನ ಕೈ ಹಿಡಿದುಕೊಂಡಳು.

ಗಾಯ ಮಾಗಿತು. ಮಾತು ಬಂದಾಗ ಅವನಿಗೆ ತನ್ನ ಹೆಸರನ್ನೇ ಹೇಳಲು ಬರುತ್ತಿರಲಿಲ್ಲ. ಮೊದಲಕ್ಷರಕ್ಕೇ ಗಾಳಿ ಸೋರಿಹೋಗುತ್ತಿತ್ತು. ಕ್ಲಾರಿನೆಟ್ ಬಾಯಿಗಿಟ್ಟರೂ ಅದೇ ಕಥೆ. ಮೇಲಿನ ಹಲ್ಲು ಊರುವ ಜಾಗದಲ್ಲಿ ಹಲ್ಲಿಲ್ಲ. ಊದಿದರೆ ಫುಸ್ ಎಂಬ ಸದ್ದು. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ತುಳಸವ್ವ ಆ ಸದ್ದು ಕೇಳಿ ಮೊರವನ್ನು ಕೆಳಗಿಟ್ಟು ಒಳಗೆ ಹೋದಳು.

ಹೊಸ ಸೀಜನ್ ಬಂತು. ಬಾಳಾಸಾಬ ಎಷ್ಟು ದಿನ ಕಾಯಬಲ್ಲ? ಅಥಣಿಯ ಮಾಳಸಿದ್ದ ಎಂಬ ತರುಣನನ್ನು ಕರೆಸಿಕೊಂಡ. ಬಿಳಿ ಕೋಟನ್ನು ಸ್ವಲ್ಪ ಬಿಗಿ ಮಾಡಿಸಿ ಅವನಿಗೆ ತೊಡಿಸಿದ. ಸಮಾಧಾನನನ್ನು ಕರೆದು, ಅವನ ಮುಖ ನೋಡಲಾಗದೆ ಅಂಗಡಿಯ ಮೂಲೆ ನೋಡುತ್ತ ಹೇಳಿದ:

“ನಿನ್ನ ಬಿಡಾಕ ಮನಸಿಲ್ಲೋ ತಮ್ಮಾ. ಢೋಲ ಬಾರಸ್ತಿಯೇನ?”

ಅದೇ ಢೋಲು. ಬಳೆ ಸ್ವಲ್ಪ ತಗ್ಗಾಗಿತ್ತು. ಸಮಾಧಾನ ಅದನ್ನು ಸವರಿ ಮನೆಗೆ ಬಂದ. ಮೂರನೆಯ ದಿನ ಮತ್ತೆ ರಾಯಬಾಗಕ್ಕೆ ಹೋಗಿ ಢೋಲಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಬ್ಯಾಂಡಿನ ಹೊರಗೆ ಇರುವುದಕ್ಕಿಂತ ಹಿಂದೆ ಇರುವುದು ವಾಸಿ ಎಂದು ಅವನಿಗೆ ಅನ್ನಿಸಿತ್ತು. ಆದರೆ ಅದು ಸುಲಭವಿರಲಿಲ್ಲ. ಮಾಳಸಿದ್ದ ಕೆಟ್ಟದಾಗಿ ಊದಿದ್ದರೆ ಸಿಟ್ಟಾದರೂ ಬರುತ್ತಿತ್ತು; ಅವನು ಚೆನ್ನಾಗಿಯೇ ಊದುತ್ತಿದ್ದ, ನಡತೆಯೂ ಒಳ್ಳೆಯದು. ಕೆಲವೊಮ್ಮೆ ಹಾಡನ್ನು ಅವಸರದಿಂದ ಓಡಿಸುತ್ತಿದ್ದ. ಆಗ ಸಮಾಧಾನ ಢೋಲಿನ ಪೆಟ್ಟನ್ನು ಸ್ವಲ್ಪ ತಡೆದು ಹಾಕಿ ಅವನನ್ನು ಹಿಡಿದು ನಿಲ್ಲಿಸುತ್ತಿದ್ದ. ಮಾಳಸಿದ್ದ ಹಿಂದಿರುಗಿ ನೋಡಿ, ತಲೆದೂಗಿ, ನಿಧಾನಕ್ಕೆ ಬರುತ್ತಿದ್ದ.

ಅಥಣಿಯ ಹಲ್ಲಿನ ಡಾಕ್ಟರರೊಬ್ಬರು ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಕೊಟ್ಟರು. ಮಾತು ಸರಿಹೋಯಿತು. ಮನೆಯಲ್ಲಿ ಮೆಲ್ಲಗೆ ಊದಿ ನೋಡಿದ, ಸುರ ಹೊರಟಿತು! ಆ ಖುಷಿಯಲ್ಲಿ ತಡೆದುಕೊಳ್ಳಲಾರದೆ ರಾಯಬಾಗದ ಒಂದು ವರಾತದಲ್ಲಿ ಮಾಳಸಿದ್ದನನ್ನು ಕೇಳಿ ಒಂದೇ ಹಾಡಿಗೆ ಕ್ಲಾರಿನೆಟ್ ಇಸಿದುಕೊಂಡ. ಮೊದಲ ಸಾಲು ಮುಗಿಯಿತು. ಮೇಲಿನ ಸುರಕ್ಕೆ ದಮ್ಮು ಕಟ್ಟಿ ಊದಿದಾಗ ಸೆಟ್ಟು ಜಾರಿ, ಬಾಯಿಂದ ಹಾರಿ, ಕುಣಿಯುವವರ ಕಾಲ ನಡುವೆ ಬಿತ್ತು. ಮದುಮಗನ ಮಾವನೊಬ್ಬ ಅದನ್ನು ಎತ್ತಿ ಹಿಡಿದು ಕೂಗಿದ: “ಯಾರವ್ರಿ ಹಲ್ಲ? ಯಾರವಪಾ?”

ಇಡೀ ಓಣಿ ನಕ್ಕಿತು. ಬಾಳಾಸಾಬನೂ ನಗು ತಡೆಯಲಾರದೆ ಆಚೆ ತಿರುಗಿದ. ಸಮಾಧಾನ ಹಲ್ಲನ್ನು ಇಸಿದುಕೊಂಡು ಜೇಬಿಗೆ ಹಾಕಿ, ಢೋಲು ಬಾರಿಸಿ ವರಾತ ಮುಗಿಸಿದ. ಆಮೇಲೆ ಕೋಟು ಬಿಚ್ಚಿ ಕೊಟ್ಟು ಮನೆಗೆ ಬಂದ. ಕ್ಲಾರಿನೆಟ್ಟಿನ ಪೆಟ್ಟಿಗೆ ಜೋಳದ ಡಬ್ಬಿಗಳ ಮೇಲಿನ ಮಾಡಕ್ಕೆ ಏರಿತು. ಅವನು ಅಪ್ಪನ ಜೊತೆ ಯಾರ್ಡಿನ ಕೆಲಸಕ್ಕೆ ಹೋಗತೊಡಗಿದ. ಎತ್ತಿನ ಗಾಡಿಗಳನ್ನು ಸಾಲಿಗೆ ಹಚ್ಚುವುದು, ಟ್ರ್ಯಾಕ್ಟರುಗಳನ್ನು ತೂಕಕ್ಕೆ ಕಳಿಸುವುದು. ಬೆಲ್ಲದಂಥ, ಹುಳಿ ಹಿಡಿದಂಥ ಕಾಕಂಬಿಯ ವಾಸನೆ ಮೈಗೆ, ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಎಲ್ಲಿಯಾದರೂ ಬ್ಯಾಂಡ್ ಸದ್ದು ಕೇಳಿದರೆ ಅವನು ಗಾಡಿಯವರ ಮೇಲೆ ಜೋರಾಗಿ ಒದರುತ್ತಿದ್ದ. ಸತ್ತೆಪ್ಪ ಮಗನನ್ನು ನೋಡುತ್ತಿದ್ದ. ತಾನು ಬಯಸಿದಂತೆಯೇ ಆಗಿತ್ತು. ಆದರೂ ಅವನಿಗೆ ಯಾಕೋ ಹಿತವೆನಿಸುತ್ತಿರಲಿಲ್ಲ.

ಮಗಳು ಹುಟ್ಟಿದಳು. ಪೂನಮ ಎಂದು ಹೆಸರಿಡುವ ದಿನ ಶೇಡಬಾಳದಿಂದ ನಾಮದೇವ ಮಾಸ್ತರರೂ ಕಾಳವ್ವನೂ ಬಂದರು. ಬುದ್ಧವಂದನೆ ಮುಗಿಯಿತು, ಊಟವೂ ಆಯಿತು. ಮಾಸ್ತರರು ಎಲೆಅಡಿಕೆ ಕುಟ್ಟುತ್ತ ಸುತ್ತ ನೋಡಿ, “ನಿನ್ನ ಕ್ಲಾರ್ನೆಟ್ ಎಲ್ಲೈತಿ?” ಎಂದರು.

“ಹಲ್ಲಿಲ್ದ ಏನ್ ಊದೂದ್ರಿ ಮಾಸ್ತರ್ರ?”

ಮಾಸ್ತರರು ತಮ್ಮ ದಪ್ಪ ಬಿಳಿ ಮೀಸೆಯನ್ನು ಎರಡು ಬೆರಳಿಂದ ಮೇಲೆತ್ತಿ ಬಾಯಿ ತೆರೆದರು. ಮೇಲಿನ ದವಡೆಯಲ್ಲಿ ಒಂದೂ ಹಲ್ಲಿರಲಿಲ್ಲ.

“ಇವು ಹೋಗಿ ಎಷ್ಟೋ ವರ್ಸಾತು. ನಿನಗ ಕಲಸೂ ಮುಂದನೂ ಇರಲಿಲ್ಲ. ಮೀಸಿ ಇತ್ತಲ್ಲ, ಯಾರಿಗೂ ತಿಳೀಲಿಲ್ಲ.”

ಸಮಾಧಾನನಿಗೆ ಸಿಟ್ಟು ಬಂತು. “ಮೊದಲ ಯಾಕ ಹೇಳ್ಲಿಲ್ರಿ? ಎರಡ ವರ್ಸ ಆತು ನಾ ಹಿಂಗ ಕುಂತ.”

“ನೀ ಢೋಲ ಬಾರಸಾಕತ್ತೀ ಅಂತ ಕೇಳಿದ್ದೆ. ಬ್ಯಾಂಡಿನ್ಯಾಗ ಅದಾನಲ್ಲ, ಬಿಡು ಅನಕೊಂಡೆ. ಊದೂದನ್ನ ಪೂರ್ತಿ ಬಿಟ್ಟೀ ಅಂತ ಮನ್ನಿ ನಮ್ಮಾಕಿ ಹೇಳಿದ್ಲು. ಪೆಟಗಿ ತಗಿ.”

ಉಜ್ವಲಾ ಅಷ್ಟರಲ್ಲೇ ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದ್ದಳು. ಮಾಸ್ತರರು ಮೇಲ್ದುಟಿ ಕೆಳದುಟಿ ಎರಡನ್ನೂ ಒಳಕ್ಕೆ ಮಡಚಿ, ಅವುಗಳ ನಡುವೆ ಊದುವ ತುದಿಯನ್ನು ಇಟ್ಟು, ಮೆಲ್ಲಗೆ ಉಸಿರು ಬಿಟ್ಟರು. ದಪ್ಪನೆಯ, ದುಂಡನೆಯ ಸುರವೊಂದು ಪಡಸಾಲೆಯನ್ನು ತುಂಬಿತು. ತೊಟ್ಟಿಲಿನ ಕೂಸು ಕಣ್ಣು ಬಿಟ್ಟಿತು, ಅಳಲಿಲ್ಲ.

ಅವರು ಕೊಟ್ಟಾಗ ಸಮಾಧಾನನೂ ಹಲ್ಲಿನ ಸೆಟ್ಟು ತೆಗೆದಿಟ್ಟು ಹಾಗೇ ಮಡಚಿ ಊದಿದ. ಫುಸ್ ಎಂದಿತು. ಹಳೆಯ ಹೊಲಿಗೆಯ ಗಂಟು ಊದುವ ತುದಿಗೆ ಒತ್ತಿ ಕಣ್ಣಲ್ಲಿ ನೀರು ಬಂತು.

“ಮತ್ತ ಮೊದಲಿಂದ” ಎಂದರು ಮಾಸ್ತರರು. “ಒಂದ ಸುರ.”

ಇಪ್ಪತ್ತರ ಹುಡುಗನಾಗಿದ್ದಾಗ ಒಂದು ಸುರಕ್ಕೆ ತಿಂಗಳುಗಟ್ಟಲೆ ಕೊಡುವುದು ಬೇರೆ. ಮೂವತ್ತರ ಹತ್ತಿರ ಬಂದು, ಮಗಳ ತಂದೆಯಾಗಿ, ಒಮ್ಮೆ ಪೂರ್ತಿ ಕಲಿತದ್ದನ್ನು ಮತ್ತೆ ಮೊದಲ ಅಕ್ಷರದಿಂದ ತಿದ್ದುವುದು ಬೇರೆ. ಬೆರಳುಗಳಿಗೆ ಎಲ್ಲ ಹಾಡೂ ನೆನಪಿದ್ದವು. ಬಾಯಿಗೆ ಒಂದೂ ಬರುತ್ತಿರಲಿಲ್ಲ. ಸಮಾಧಾನ ಕೆಲಸದಿಂದ ಬಂದು ಕೈಕಾಲು ತೊಳೆದು ಕೃಷ್ಣಾ ನದಿಯ ದಂಡೆಗೆ ಹೋಗುತ್ತಿದ್ದ. ಮನೆಯಲ್ಲಿ ಊದಿದರೆ ಓಣಿಯವರ ಮುಖ ನೋಡಬೇಕಲ್ಲ. ದಂಡೆಯಲ್ಲೂ ಪೂರ್ತಿ ಪಾರಾಗುವಂತಿರಲಿಲ್ಲ. ಅರಿವೆ ಒಗೆಯಲು ಬಂದ ಹೆಂಗಸರು ಅವನ ಕರ್ಕಶ ಸದ್ದು ಕೇಳಿ ಮರಾಠಿಯಲ್ಲಿ ಕೂಗುವರು: “ಕಾಯ್ ರೇ ಬಾಬಾ, ಮ್ಹೈಸ್ ಹರವಲೀ ಕಾ?” ಎಮ್ಮೆ ಕಳೆದುಕೊಂಡೆಯಾ ಎಂದು. ಅವನಿಗೂ ಒಮ್ಮೊಮ್ಮೆ ನಗು ಬರುತ್ತಿತ್ತು. ನಕ್ಕರೆ ತುಟಿ ನೋಯುತ್ತಿತ್ತು.

ತುಟಿಯ ಒಳಗೆ ಗುಳ್ಳೆ ಎದ್ದು ಒಡೆಯುತ್ತಿದ್ದವು. ಖಾರ ತಿನ್ನುವಂತಿಲ್ಲ, ಬಿಸಿ ಚಹ ಕುಡಿಯುವಂತಿಲ್ಲ. ಉಜ್ವಲಾ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುವಳು, ತುಟಿಗೆ ತುಪ್ಪ ಸವರುವಳು. ಒಂದು ಸಂಜೆ ಅವನು ಕ್ಲಾರಿನೆಟ್ಟನ್ನು ಹಾಸಿಗೆಯ ಮೇಲೆ ಎಸೆದು, “ಸಾಕಾತು. ಯಾರ ಸಲುವಾಗಿ ಮಾಡಾಕತ್ತೇನಿ ಇದನ್ನ?” ಎಂದ.

ಉಜ್ವಲಾ ಮಗುವಿಗೆ ಉಣಿಸುತ್ತಿದ್ದಳು. “ಕುದರಿ ಮ್ಯಾಲಿಂದ ಇಳದ ಊದಿದ್ರಲ್ಲ, ಆವತ್ತ ಯಾರ ಸಲುವಾಗಿ ಊದಿದ್ರಿ?”

“ಆ ಟ್ರಂಪೆಟ್‌ನಾಂವ ತಪ್ಪ ಊದಾಕತ್ತಿದ್ದ.”

“ಹೌದಲ್ರಿ, ಹಾಡಿನ ಸಲುವಾಗಿ. ನನ್ನ ಸಲುವಾಗಿ ಅಂತ ನಾ ತಿಳಕೊಂಡಿದ್ದೆ, ಅದ ಬ್ಯಾರೆ ಮಾತ.”

ಅವಳು ನಗುತ್ತಿದ್ದಳು. ಮರುದಿನ ಅವನು ಮತ್ತೆ ದಂಡೆಗೆ ಹೋದ.

ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಸುರ ನಿಂತಿತು. ಮೊದಲಿನ ಹರಿತವಾದ, ಊರಾಚೆ ಕೇಳುವ ಸದ್ದು ಅದಲ್ಲ. ಮೆತ್ತಗಿನ, ಗಂಟಲಲ್ಲಿ ಹಾಡಿದಂಥ ಸದ್ದು. ಎಲ್ಲಕ್ಕಿಂತ ಮೇಲಿನ ಸುರಗಳು ಮಾತ್ರ ಏನು ಮಾಡಿದರೂ ಬರಲಿಲ್ಲ. ಅವು ಬರುವ ಜಾಗದಲ್ಲಿ ಹಾಡನ್ನು ಸ್ವಲ್ಪ ಬಾಗಿಸಿ, ಕೆಳಗಿನಿಂದ ಸುತ್ತಿ ಬರುವುದನ್ನು ಅವನು ರೂಢಿಸಿಕೊಂಡ. ಅಷ್ಟರಲ್ಲಿ ಮಾಸ್ತರರು ಮಗನ ಮನೆಗೆಂದು ಇಚಲಕರಂಜಿಗೆ ಹೋಗಿದ್ದರು. ಉಜ್ವಲಾ ಮೊಬೈಲ್ ಫೋನನ್ನು ಕ್ಲಾರಿನೆಟ್ಟಿನ ಮುಂದೆ ಹಿಡಿದು ನಿಲ್ಲುವಳು, ಅವನು ಊದುವನು. ಹಾಡು ಮುಗಿದ ಮೇಲೆ ಆಚೆಯಿಂದ ಮೊದಲು ಕೆಮ್ಮು, ಆಮೇಲೆ ಮಾತು.

“ಮ್ಯಾಲಿನ ಸುರ ಬಿಟ್ಟೀ.”

“ಬರವಲ್ದ್ರಿ ಮಾಸ್ತರ್ರ.”

“ಇರ್ಲಿ. ನೀ ಸುತ್ತ ಹಾಕಿ ಬರ್ತಿಯಲ್ಲ, ಅದ ಛಲೋ ಕೇಳಸ್ತೈತಿ. ಹಂಗ ಇರ್ಲಿ.”

ಆ ಮಾತು ಕೇಳಿದ ಮರುದಿನವೇ ಸಮಾಧಾನ ರಾಯಬಾಗಕ್ಕೆ ಹೊರಟ. ಎರಡು ಸಾವಿರದ ಹನ್ನೊಂದರ ದೀಪಾವಳಿ ಮುಗಿದ ಸಮಯ. ರೈಲಿನಲ್ಲಿ ಕುಳಿತು ಬಾಳಾಸಾಬನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡ. ಅಂಗಡಿಯ ಮುಂದೆ ನಿಂತಾಗ ಬೋರ್ಡು ಬದಲಾಗಿತ್ತು. ಒಳಗೆ ಕೆಂಪು ಕೋಟುಗಳು ತೂಗುತ್ತಿದ್ದ ಗೋಡೆಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಒರಗಿದ್ದವು. ನೆಲದ ತುಂಬ ವೈರುಗಳು. ಅವುಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತು ಬೆಸುಗೆ ಹಾಕುತ್ತಿದ್ದವನು ಮಾಳಸಿದ್ದ.

ಬಾಳಾಸಾಬ ಎದ್ದು ಬಂದು ಅವನ ಭುಜ ಹಿಡಿದ. “ಬ್ಯಾಂಡ್ ಮುಚ್ಚಿದೆ ತಮ್ಮಾ. ಎಲ್ಲಾರಿಗೂ ಡೀಜೇನ ಬೇಕು. ಇಪ್ಪತ್ತ ಮಂದೀನ ಟೆಂಪೋದಾಗ ತುಂಬಕೊಂಡ ತಿರಗೂದಕ್ಕ ಯಾರೂ ಕರೀವಲ್ರು. ನನಗೇನ್ ಖುಷಿ ಐತಿ ಅಂತ ಮಾಡೀಯೇನ?”

ಸಮಾಧಾನ ತಾನು ಬಂದ ಕಾರಣ ಹೇಳಲೇ ಇಲ್ಲ. ಸುಮ್ಮನೆ ಈ ಕಡೆ ಬಂದಿದ್ದೆ ಎಂದ. ಸ್ಟೇಶನ್ನಿಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತ. ರೈಲು ಬಂತು, ಜನ ಇಳಿದರು, ಹತ್ತಿದರು. ಅವನು ಏಳಲಿಲ್ಲ. ಹಲ್ಲು ಹೋದಾಗಲೂ, ಓಣಿ ನಕ್ಕಾಗಲೂ ಹೀಗಾಗಿರಲಿಲ್ಲ. ಆಗ ತಪ್ಪಿದ್ದು ತನ್ನ ಬಾಯಿ. ಈಗ ನಿಲ್ಲಬೇಕಾಗಿದ್ದ ಜಾಗವೇ ಇರಲಿಲ್ಲ.

ಮಾಳಸಿದ್ದ ಸೈಕಲ್ಲು ತುಳಿಯುತ್ತ ಬಂದದ್ದು ಅವನಿಗೆ ಕಂಡೇ ಇರಲಿಲ್ಲ.

“ಅಣ್ಣಾ, ನಿನ್ನ ಕೈಯಾಗ ಪೆಟಗಿ ಇತ್ತು. ಅಂಗಡ್ಯಾಗ ತಗೀಲೆ ಇಲ್ಲ. ಯಾಕ?”

ಸಮಾಧಾನ ಪೆಟ್ಟಿಗೆ ತೆರೆದು ಅಲ್ಲೇ ಒಂದು ಸಾಲು ಊದಿ ತೋರಿಸಿದ. ಚಹದ ಅಂಗಡಿಯವನು ತಿರುಗಿ ನೋಡಿದ. ಮಾಳಸಿದ್ದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವನ ಪಕ್ಕ ಕುಳಿತ. “ನನ್ನ ಕ್ಲಾರ್ನೆಟ್ ಇನ್ನೂ ಮಾರಿಲ್ಲ. ದೊಡ್ಡ ಢೋಲ ಬಾಳಾಸಾಬನ ಅಟ್ಟದ ಮ್ಯಾಲ ಬಿದ್ದೈತಿ. ಕೇಳಿದ್ರ ಹಂಗ ಕೊಡತಾನ” ಎಂದ.

ಹೀಗೆ ಹಳೆಯ ಬ್ಯಾಂಡಿನ ಕೆಲವರು ಸೇರಿ ಏಳು ಜನರ ಬ್ಯಾಂಡ್ ಕೂಡಿತು. ಉಗಾರದ ಬುದ್ಧವಿಹಾರದ ಅಂಗಳದಲ್ಲಿ ಭಾನುವಾರ ತಾಲೀಮು. ಕೆಂಪು ಕೋಟು ಇಲ್ಲ. ಇದ್ದವರು ಇದ್ದ ಬಿಳಿ ಅಂಗಿ ತೊಟ್ಟರು. ಬುದ್ಧಪೂರ್ಣಿಮೆಯ ಬೆಳಗಿನ ಮೆರವಣಿಗೆ, ಏಪ್ರಿಲ್ ತಿಂಗಳ ಬಾಬಾಸಾಹೇಬರ ಜಯಂತಿ, ಯಾರದೋ ಗೃಹಪ್ರವೇಶ. ಮದುವೆಗೆ ಮಾತ್ರ ಯಾರೂ ಕರೆಯಲಿಲ್ಲ. ಇಬ್ಬರು ಬಿಟ್ಟುಹೋದರು, ಬೇರೆ ಇಬ್ಬರು ಬಂದರು. ಸಮಾಧಾನ ಯಾರ್ಡಿನ ಕೆಲಸ ಬಿಡಲಿಲ್ಲ, ಭಾನುವಾರವನ್ನೂ ಬಿಡಲಿಲ್ಲ.

ಎರಡು ವರ್ಷದ ಮೇಲೆ ಐನಾಪುರದಿಂದ ಧರೆಪ್ಪ ಬಂದ. ದ್ರಾಕ್ಷಿ ತೋಟ, ಕಬ್ಬಿನ ಹೊಲ ಇದ್ದ ದೊಡ್ಡ ಮನೆತನದ ಮನುಷ್ಯ. ಮಗಳ ಮದುವೆ ಗೊತ್ತಾಗಿತ್ತು. ಅವನ ತಾಯಿ ಶಿವಗಂಗವ್ವನಿಗೆ ಎದೆಯ ಬೇನೆ; ಡೀಜೆ ಬಡಿದರೆ ಎದೆ ಹಾರುತ್ತದೆ, ಹತ್ತಿರ ಹೋಗಬೇಡಿ ಎಂದು ಡಾಕ್ಟರರು ಹೇಳಿದ್ದರು.

“ನಮ್ಮವ್ವ ಹಟ ಹಿಡದಾಳಪಾ. ಮೊಮ್ಮಗಳ ವರಾತ ನಡಿಯೂ ಮುಂದ ನಾ ಮನ್ಯಾಗ ಕದಾ ಹಾಕ್ಕೊಂಡ ಕುಂದ್ರಾಂಗಿಲ್ಲ ಅಂತಾಳ. ನಮ್ಮ ಹುಡುಗೂರು ಡೀಜೆ ಬೇಕ ಅಂತ ಮಾರಿ ಉಬ್ಬಿಸ್ಯಾವು. ನಿಮ್ಮ ಬ್ಯಾಂಡ್ ಹೆಂಗೈತಿ, ಖರೆ ಹೇಳು.”

“ಸಣ್ಣದೈತ್ರಿ” ಎಂದ ಸಮಾಧಾನ. “ಸದ್ದೂ ಸಣ್ಣದ. ಕೇಳಾಕ ಸ್ವಲ್ಪ ಹತ್ರ ಬರಬೇಕಾಕ್ಕೈತಿ.”

ಧರೆಪ್ಪ ನಕ್ಕ. “ನಮ್ಮವ್ವಗ ಅಷ್ಟ ಸಾಕು.”

ಆ ಸಂಜೆ ಐನಾಪುರದ ಪೇಟೆಯಲ್ಲಿ ಸಮಾಧಾನ ಬ್ಯಾಂಡಿನ ಮುಂದೆ ನಡೆದ. ತುಟಿ ಮಡಚಿ ಊದಿದ, ಸುರ ಬಂತು. ಡೀಜೆಗೆ ರೂಢಿಯಾದ ಹುಡುಗರು ಮೊದಮೊದಲು ಕೈಕಟ್ಟಿ ನಿಂತಿದ್ದರು. ಮಾಳಸಿದ್ದನ ಕ್ಲಾರಿನೆಟ್ ಜೊತೆಗೂಡಿ ಹಾಡು ಏರಿದಂತೆ ಒಬ್ಬೊಬ್ಬರಾಗಿ ಕುಣಿತಕ್ಕೆ ಬಂದರು. ಶಿವಗಂಗವ್ವ ಸೊಸೆಯ ತೋಳು ಹಿಡಿದು ಸಮಾಧಾನನ ಪಕ್ಕದಲ್ಲೇ ನಡೆಯುತ್ತಿದ್ದಳು. ಜೀಪು ಹತ್ತು ಎಂದರೆ ಕೇಳಲಿಲ್ಲ.

ಪೇಟೆ ಅರ್ಧ ದಾಟಿದಾಗ ಬಾಯಲ್ಲಿ ಉಪ್ಪಿನ ರುಚಿ ಬಂತು. ಹಳೆಯ ಗಾಯ ಬಿರಿದಿತ್ತು. ಸಮಾಧಾನ ಕ್ಲಾರಿನೆಟ್ ಕೆಳಗಿಳಿಸಿ ಹಿಂದೆ ನೋಡಿದ. ಮಾಳಸಿದ್ದ ಸುರ ಹರಿಯಗೊಡದೆ ಹಾಡನ್ನು ಎತ್ತಿಕೊಂಡು ಮುಂದೆ ಬಂದ. ಒಂದು ಹಾಡು, ಎರಡು ಹಾಡು. ಸಮಾಧಾನ ನೀರು ಮುಕ್ಕಳಿಸಿ, ಕರವಸ್ತ್ರದಿಂದ ತುಟಿ ಒತ್ತಿ ಹಿಡಿದು ಪಕ್ಕದಲ್ಲಿ ನಡೆದ. ಆಗ ಶಿವಗಂಗವ್ವ ಅವನ ಅಂಗಿಯ ತೋಳು ಜಗ್ಗಿದಳು.

“ತಮ್ಮಾ, ನಾವು ಬೀಸೂ ಮುಂದ ಒಂದ ಹಾಡ ಹಾಡತಿದ್ವಿ. ಬರತೈತೇನ ನಿನಗ?”

“ಧಾಟಿ ಹೇಳ್ರಿ ಆಯಿ.”

ಅವಳು ಬಗ್ಗಿದ ಅವನ ಕಿವಿಯ ಹತ್ತಿರ ಗುನುಗಿದಳು. ನಡುಗುವ ದನಿ, ಎರಡೇ ಸಾಲು. ಅವನು ಕೇಳಿ, ತುಟಿ ಮಡಚಿ, ನೋವಿನಲ್ಲೇ ಮೆಲ್ಲಗೆ ಊದಿದ. ಒಂದು ಕಡೆ ತಪ್ಪಿತು. ಅವಳು ತಲೆ ಅಲ್ಲಾಡಿಸಿ ಮತ್ತೆ ಗುನುಗಿದಳು. ಈ ಸಲ ಸರಿಯಾಯಿತು. ಢೋಲಿನವನು ಕೈ ತಡೆದ. ಹಿಂದೆ ಬರುತ್ತಿದ್ದ ಮುದುಕಿಯರಲ್ಲಿ ಯಾರೋ ಒಬ್ಬಳು ದನಿಗೂಡಿಸಿದಳು, ಆಮೇಲೆ ಮೂವರು, ಆಮೇಲೆ ಎಲ್ಲರೂ. ಪೇಟೆಯ ಅಂಗಡಿಗಳವರು ಹೊರಗೆ ಬಂದು ನಿಂತರು. ಮದುಮಗಳು ಜೀಪಿನಿಂದ ಇಳಿದು ಅಜ್ಜಿಯ ಇನ್ನೊಂದು ತೋಳು ಹಿಡಿದುಕೊಂಡಳು. ಮನೆಯ ಬಾಗಿಲ ತನಕ ಅದೊಂದೇ ಹಾಡು ನಡೆಯಿತು.

ಆ ಮದುವೆಯ ನಂತರ ಕರೆಗಳು ಬಂದವು. ಧಾರಾಳವಾಗಿ ಏನೂ ಅಲ್ಲ. ಕಾಗವಾಡದಲ್ಲಿ ಒಂದು, ಅಥಣಿಯಲ್ಲಿ ಒಂದು, ಮನೆಯಲ್ಲಿ ವಯಸ್ಸಾದವರಿದ್ದ ಕಡೆ, ಹಳೆಯ ಹಾಡು ಬೇಕೆನ್ನುವವರ ಕಡೆ. ಸಮಾಧಾನನನ್ನು ಜನ ಮಾಸ್ತರ ಎಂದು ಕರೆಯತೊಡಗಿದರು. ಮೊದಲ ಸಲ ಯಾರೋ ಹಾಗೆ ಕೂಗಿದಾಗ ಅವನು ನಾಮದೇವ ಮಾಸ್ತರರು ಬಂದರೆಂದು ಹಿಂದಿರುಗಿ ನೋಡಿದ್ದ.

ಈಚಿನ ಒಂದು ಮಧ್ಯಾಹ್ನ, ಪೂನಮ ನಾಲ್ಕನೆಯ ತರಗತಿಯ ಪುಸ್ತಕ ಹುಡುಕುತ್ತ ಟ್ರಂಕಿನಿಂದ ಒಂದು ಫೋಟೋ ತೆಗೆದಳು. ಬಾಳಾಸಾಬನ ಬ್ಯಾಂಡು, ಟೆಂಪೋದ ಮುಂದೆ ಸಾಲಾಗಿ ನಿಂತದ್ದು. ಬಣ್ಣ ಮಾಸಿ ಕೆಂಪು ಕೋಟುಗಳು ಗುಲಾಬಿಯಾಗಿದ್ದವು.

“ಪಪ್ಪಾ, ಇದರಾಗ ನೀ ಯಾರು?”

ಸಮಾಧಾನ ಝಾಂಜು ಹಿಡಿದು ಹಲ್ಲು ಕಿಸಿದು ನಿಂತ ತೆಳ್ಳನೆಯ ಹುಡುಗನನ್ನು ತೋರಿಸಿದ. ಮಗಳು ನಂಬಲಿಲ್ಲ. ಅವನು ಒಬ್ಬೊಬ್ಬರನ್ನೇ ಬೆರಳಿಟ್ಟು ಹೇಳುತ್ತ ಹೋದ. ಇವರು ನಾಮದೇವ ಮಾಸ್ತರ, ಇವನು ಟ್ರಂಪೆಟ್ಟಿನವನು, ಈಗ ಪುಣೆಯಲ್ಲಿ ರಿಕ್ಷಾ ಓಡಿಸುತ್ತಾನೆ. ಇವನು ಯುಫೋನಿಯಂ ಎಂಬ ದೊಡ್ಡ ಕಹಳೆಯವನು, ತೀರಿಕೊಂಡ. ಸಾಲಿನ ತುದಿಯಲ್ಲಿ ಖುಳಖುಳಾ, ಅಲ್ಲಾಡಿಸುವ ಗಿಲಕಿ, ಹಿಡಿದ ಕುಳ್ಳನೆಯ ಒಬ್ಬನ ಹತ್ತಿರ ಬೆರಳು ನಿಂತಿತು. ಕುಡಚಿಯ ಕಡೆಯವನು. ಮಾಳಸಿದ್ದ ಬಂದ ಮೇಲೂ ಟೆಂಪೋದಲ್ಲಿ ಎಲ್ಲರನ್ನೂ ನಗಿಸುತ್ತಿದ್ದವನು. ಹೆಸರು ನೆನಪಾಗಲಿಲ್ಲ.

ಉಜ್ವಲಾಳನ್ನು ಕೇಳಿದ, ಅವಳಿಗೆ ಗೊತ್ತಿಲ್ಲ. ಮಾಳಸಿದ್ದನಿಗೆ ಫೋನು ಹಚ್ಚಿದ.

“ಆ ಖುಳಖುಳಾದಾಂವ ಲೇ, ಕುಳ್ಳ, ತನ್ನ ಜೋಕಿಗೆ ತಾನ ಮೊದಲ ನಗತಿದ್ದ. ಏನವನ ಹೆಸರ?”

ಆಚೆ ಮಾಳಸಿದ್ದ ಯೋಚಿಸಿದ. “ತಡಿ, ನಾಲಿಗಿ ಮ್ಯಾಲ ಐತಿ” ಎಂದ. ಅವನಿಗೂ ಬರಲಿಲ್ಲ. ಬದಲಿಗೆ ಆ ಮನುಷ್ಯ ಒಮ್ಮೆ ಚಿಕ್ಕೋಡಿಯ ಮದುವೆಯಲ್ಲಿ ಬೀಗರ ಪಂಕ್ತಿಗೆ ಕುಳಿತು ಉಂಡು ಬಂದದ್ದನ್ನು ಹೇಳತೊಡಗಿದ. ಸಮಾಧಾನ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದ. ಪೂನಮ ಫೋಟೋ ಹಿಡಿದುಕೊಂಡು ಆ ಕುಳ್ಳನ ಮುಖವನ್ನೇ ನೋಡುತ್ತ ಕುಳಿತಿದ್ದಳು.